ಮುಖಕ್ಕೆ ಬೆಳಕು, ಕೈಗೆ ಕ್ಯಾಮೆರಾ ಇಲ್ಲ

ಕನ್ನಡ ಸಿನಿಮಾ ಈಗ ಎಲ್ಲರದ್ದೂ ಆಗಿದೆ ಎಂಬ ಮಾತನ್ನು ಮೈಸೂರಿನ ರಾಮಕೃಷ್ಣನಗರದಷ್ಟು ನಂಬಿಕೆಯಿಂದ ಆಡುವ ಬಡಾವಣೆ ಇನ್ನೊಂದು ಇರಲಾರದು. ಅದಕ್ಕೆ ಕಾರಣವೂ ಇದೆ. ರಮಾಗೋವಿಂದ ರಂಗಮಂದಿರ ಇರುವುದು ಇಲ್ಲಿ. ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ದುಡಿದು, ಸಿನಿಮಾದಲ್ಲೂ ಹೆಸರು ಮಾಡಿದ ಮಂಡ್ಯ ರಮೇಶ್ ಕಟ್ಟಿದ ‘ನಟನ’ ರಂಗಶಾಲೆ ಇರುವುದೂ ಇಲ್ಲೇ. ನಾಟಕ ಮುಗಿದ ಮೇಲೆ ಟೀ ಹಿಡಿದು ನಿಂತವರ ಮಾತು ಸಿನಿಮಾದತ್ತ ಹೊರಳಿತೆಂದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಮೊದಲಿನ ಹಾಗಲ್ಲ ಸಾರ್ ಈಗ. ಪ್ರತಿಭೆ ಇದ್ದರೆ ಜಾತಿ, ಬಣ್ಣ ಯಾವುದೂ ಅಡ್ಡ ಬರಲ್ಲ. ಸಿದ್ದಿಗಳೂ ಸಿನಿಮಾಕ್ಕೆ ಬಂದಿಲ್ವಾ?’ ಪಕ್ಕದವರು ದನಿಗೂಡಿಸುತ್ತಾರೆ: ‘ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು, ಯಾರು ಬೇಕಾದರೂ ಡೈರೆಕ್ಟರ್ ಆಗಬಹುದು.’

ಎರಡೂ ಕೇಳಲು ಹಿತವಾದ ಮಾತುಗಳೇ. ಆದರೆ ಸ್ವಲ್ಪ ಕೆದಕಿದರೆ ಎರಡೂ ನಿಲ್ಲುವುದಿಲ್ಲ. ಸಿನಿಮಾ ನಟರಲ್ಲಿ ಸಿದ್ದಿ ಸಮುದಾಯದವರು ಯಾರು ಎಂದು ಕೇಳಿ, ಪ್ರಶಾಂತ್ ಸಿದ್ದಿ ಹೆಸರು ತಕ್ಷಣ ಬರುತ್ತದೆ. ಗಾಯಕಿ ಯಾರು ಎಂದರೆ ಗಿರಿಜಾ ಸಿದ್ದಿ ಎನ್ನುತ್ತಾರೆ. ನಿರ್ದೇಶಕ ಯಾರು ಎಂದು ಕೇಳಿ ನೋಡಿ, ಟೀ ಗುಂಪು ಮುಖ ಮುಖ ನೋಡಿಕೊಳ್ಳುತ್ತದೆ. ಸಿದ್ದಿಯರಿಗೆ ಕನ್ನಡ ಸಿನಿಮಾದಲ್ಲಿ ಸಿಕ್ಕಿದ್ದು ಪಾತ್ರ. ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ತನ್ನ ಕಥೆಯನ್ನು ತಾನೇ ಬೆಳೆಸಿಕೊಂಡು ಹೋಗುವ ಚಿತ್ರ ನಿರ್ದೇಶಕನ ಬದುಕು ಅವರಿಗೆ ಸಿಕ್ಕಿಲ್ಲ. ಈ ವ್ಯತ್ಯಾಸವನ್ನು ಮರೆಸುವುದೇ ಮೇಲಿನ ಎರಡು ಮಾತುಗಳ ಕೆಲಸ.

ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಬಹುಪಾಲು ಜನರನ್ನು ಅರಬ್ಬರೂ ಪೋರ್ಚುಗೀಸರೂ ಗುಲಾಮರನ್ನಾಗಿ ಹಡಗಿನಲ್ಲಿ ತಂದರು. ಗೋವಾದಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸುತ್ತಮುತ್ತ, ಅತ್ತ ಖಾನಾಪುರ, ಕಲಘಟಗಿ ಕಡೆಗೂ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಕೊಂಕಣಿಯ ಒಂದು ಬಗೆ, ಶಾಲೆಗೂ ಸಂತೆಗೂ ಕನ್ನಡ. ನಾವು ವಿಚಾರ ಸಂಕಿರಣದಲ್ಲಿ ‘ಬಹುಸಂಸ್ಕೃತಿ’ ಎಂದು ಕರೆಯುವುದು ಅವರಿಗೆ ದಿನದ ಬದುಕು. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದೂ ಅದೇ 2020ರಲ್ಲಿ. ಆ ಸಮುದಾಯದಿಂದ ಸದನ ಪ್ರವೇಶಿಸಿದ ಮೊದಲಿಗರು ಅವರು.

ಇಂಥ ಜನ ನಮ್ಮದೇ ರಾಜ್ಯದಲ್ಲಿರುವಾಗ ಕನ್ನಡ ಸಿನಿಮಾ ಆಫ್ರಿಕಾವನ್ನು ಹುಡುಕಿಕೊಂಡು ಹೋದದ್ದು ಎಲ್ಲಿಗೆ? ವಿಮಾನ ಹತ್ತಿ ಆಫ್ರಿಕಾಕ್ಕೇ. ಹುಣಸೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ದ್ವಾರಕೀಶ್ 1986ರಲ್ಲಿ ‘ಆಫ್ರಿಕಾದಲ್ಲಿ ಶೀಲಾ’ ಮಾಡಿದರು. ಅವರ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಸಾಲ, ಸೋಲು ಯಾವುದಕ್ಕೂ ಜಗ್ಗದೆ 1978ರಲ್ಲೇ ‘ಸಿಂಗಾಪುರದಲ್ಲಿ ರಾಜಾಕುಳ್ಳ’ನನ್ನು ಸಮುದ್ರ ದಾಟಿಸಿದ ಮನುಷ್ಯ ಅವರು. ಆದರೆ ಆ ಚಿತ್ರದ ಆಫ್ರಿಕಾ ಎಂಥದ್ದು? ಕಾಡು, ಪ್ರಾಣಿ, ನಡುವೆ ಕಾಡಿನಲ್ಲೇ ಬೆಳೆದ ಬಿಳಿ ಮೈಯ ನಾಯಕಿ. ಹಾಲಿವುಡ್ಡಿನ ಕಾಡಿನ ಹುಡುಗಿಯನ್ನು ಕನ್ನಡಕ್ಕೆ ಕರೆತಂದದ್ದು ಅಷ್ಟೇ. ಅಲ್ಲಿಯ ಜನರು ಪರದೆಯ ಅಂಚಿನಲ್ಲಿ ಗುಂಪಾಗಿ ನಿಂತರು. ಅದೇ ಹೊತ್ತಿಗೆ ಯಲ್ಲಾಪುರದ ಕಾಡಿನಂಚಿನಲ್ಲಿ ಆಫ್ರಿಕಾದ ಮೊಮ್ಮಕ್ಕಳು ಕನ್ನಡ ಶಾಲೆಗೆ ನಡೆದು ಹೋಗುತ್ತಿದ್ದರು. ಉದ್ಯಮಕ್ಕೆ ಅವರು ಕಾಣಲಿಲ್ಲ.

ಸರ್ಕಾರಕ್ಕೆ ಕಂಡರು, ಆದರೆ ಮೈಯಾಗಿ ಮಾತ್ರ ಕಂಡರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ಹಚ್ಚಿತು. ಆಫ್ರಿಕಾದ ರಕ್ತ ಇದೆ, ಆದ್ದರಿಂದ ಒಲಿಂಪಿಕ್ ಪದಕ ಬಂದೇ ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಕೆಲವು ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಗೆದ್ದರು. 1993ರಲ್ಲಿ ಆ ಮಕ್ಕಳ ಯೋಜನೆ ನಿಂತುಹೋಯಿತು. ಹಾಸ್ಟೆಲಿನಲ್ಲಿ ಬೆಳೆದು, ಓಟವನ್ನೇ ಬದುಕೆಂದು ನಂಬಿದ್ದ ಮಕ್ಕಳು ಊರಿಗೆ ಮರಳಿದರು. ರಕ್ತ ನೋಡಿ ಕರೆದವರು ಬದುಕಿನ ಹೊಣೆ ಹೊರುವುದಿಲ್ಲ. ಈ ಪಾಠವನ್ನು ನಮ್ಮ ಸಿನಿಮಾ ವಿಮರ್ಶೆ ಇನ್ನೂ ಕಲಿತಿಲ್ಲ.

ಯಾಕೆಂದರೆ ಸಿದ್ದಿ ಕಲಾವಿದರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಹೊಗಳಿಕೆಯ ಧಾಟಿಯೂ ಅದೇ. ‘ಸಹಜ ನಟ’, ‘ತಾಳ ಅವರ ರಕ್ತದಲ್ಲೇ ಇದೆ’, ‘ಕಾಡಿನ ದನಿ’. ಪ್ರಶಾಂತ್ ಸಿದ್ದಿ ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದವರು. ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ಮೈ, ದನಿ, ಮಾತು ಮೂರನ್ನೂ ಪಳಗಿಸುವ ಶಾಲೆ ಅದು. 2011ರಲ್ಲಿ ಯೋಗರಾಜ ಭಟ್ಟರ ‘ಪರಮಾತ್ಮ’ದಲ್ಲಿ ಪುನೀತ್ ರಾಜ್‌ಕುಮಾರ್ ಎದುರು ನಿಂತಾಗ ಅವರ ಬೆನ್ನಿಗಿದ್ದದ್ದು ಈ ಕಲಿಕೆ. ಅದನ್ನು ರಕ್ತದ ಖಾತೆಗೆ ಬರೆದುಬಿಟ್ಟರೆ ಕಲಿತವನ ಶ್ರಮ ಅಳಿಸಿಹೋಗುತ್ತದೆ. ಹೊಗಳಿಕೆಯಲ್ಲೇ ಒಂದು ಅವಮಾನ ಅಡಗಿದೆ: ನೀನು ಹುಟ್ಟಿನಿಂದಲೇ ಹೀಗೆ, ಆದ್ದರಿಂದ ನೀನು ಯೋಚಿಸಬೇಕಾದ್ದಿಲ್ಲ. ಯೋಚಿಸಬೇಕಾದ್ದಿಲ್ಲ ಎಂದು ತೀರ್ಮಾನಿಸಿದವನ ಕೈಗೆ ಯಾರು ಕ್ಯಾಮೆರಾ ಕೊಡುತ್ತಾರೆ?

2021ರ ‘ಸಲಗ’ ನೆನಪಿಸಿಕೊಳ್ಳಿ. ದುನಿಯಾ ವಿಜಯ್ ನಿರ್ದೇಶಿಸಿದ ಮೊದಲ ಚಿತ್ರ, ಚರಣ್ ರಾಜ್ ಸಂಗೀತ. ಉತ್ತರ ಕನ್ನಡದ ಸಿದ್ದಿ ಕಲಾವಿದರು ಹಾಡಿದ ‘ಟಿಣಿಂಗ ಮಿಣಿಂಗ’ ಚಿತ್ರಕ್ಕಿಂತ ಮೊದಲೇ ರಾಜ್ಯವನ್ನೆಲ್ಲ ಸುತ್ತಿತು. ಗಣಪತಿ ಪೆಂಡಾಲಿನಲ್ಲಿ, ಕಾಲೇಜು ವಾರ್ಷಿಕೋತ್ಸವದಲ್ಲಿ, ಮದುವೆ ಮೆರವಣಿಗೆಯಲ್ಲಿ ಅದೇ ಹಾಡು. ಹಾಡಿದವರಿಗೆ ಸಿಕ್ಕ ಮನ್ನಣೆ ಸಣ್ಣದಲ್ಲ, ಅವರನ್ನು ಕರೆತಂದ ವಿಜಯ್ ಅವರಿಗೆ ಅದರ ಶ್ರೇಯಸ್ಸು ಸಲ್ಲಲೇಬೇಕು. ಆದರೆ ಚಿತ್ರದ ಕಥೆ ಬೆಂಗಳೂರಿನ ರೌಡಿಗಳದ್ದು. ಹಾಡಿದವರ ಊರಿಗೂ ಬದುಕಿಗೂ ಆ ಕಥೆಯಲ್ಲಿ ಜಾಗವಿಲ್ಲ. ಹಾಡು ಕಾಡಿನಿಂದ ಬಂತು, ಕಥೆ ಬರಲಿಲ್ಲ.

ರಂಗಭೂಮಿ ಈ ವಿಷಯದಲ್ಲಿ ಸಿನಿಮಾಕ್ಕಿಂತ ಒಂದು ಹೆಜ್ಜೆ ಮುಂದೆ ಇತ್ತು. 1980ರ ದಶಕದಲ್ಲೇ ನೀನಾಸಂ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಗೆ ಹೋಗಿ ಸಿದ್ದಿಯರೊಂದಿಗೆ ನಾಟಕ ಕಟ್ಟಿತು. ರಂಗದ ಮೇಲೆ ಸಿದ್ದಿ ನಟ ರಾಜನಾಗಬಹುದು, ಮುದುಕನಾಗಬಹುದು, ದೇವರಾಗಬಹುದು, ಪ್ರೇಕ್ಷಕ ಒಪ್ಪುತ್ತಾನೆ. ಸಿನಿಮಾ ಹಾಗೆ ಒಪ್ಪಲಿಲ್ಲ. ಅಲ್ಲಿ ಗುಂಗುರು ಕೂದಲು ಮೊದಲು ಕಾಣುತ್ತದೆ, ಪಾತ್ರ ಆಮೇಲೆ. ನಾಯಕನ ಗೆಳೆಯ, ಖಳನ ಬಂಟ, ನಗೆಯ ಪ್ರಸಂಗ. ರಂಗಶಾಲೆ ತೆರೆದ ಬಾಗಿಲನ್ನು ಸಿನಿಮಾ ಇಷ್ಟು ಕಿರಿದು ಮಾಡಿತು. ರಂಗಶಾಲೆಗಳೂ ಒಂದು ಪ್ರಶ್ನೆಗೆ ಉತ್ತರಿಸಬೇಕು. ನಟನನ್ನು ತಯಾರು ಮಾಡಿದಷ್ಟು ಆಸ್ಥೆಯಿಂದ ಕಥೆ ಬರೆಯುವವನನ್ನು, ಚೌಕಟ್ಟು ಕಟ್ಟುವವನನ್ನು ತಯಾರು ಮಾಡಿದ್ದೇವೆಯೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. ಸಿದ್ದಿಯರ ಚಿತ್ರವನ್ನು ಸಿದ್ದಿಯರೇ ಮಾಡಬೇಕೆ? ಜಯನ್ ಚೆರಿಯನ್ ‘ರಿದಮ್ ಆಫ್ ದಮ್ಮಾಮ್’ ಮಾಡಲಿಲ್ಲವೆ? ಮಾಡಿದರು. ಕೇರಳ ಮೂಲದ, ನ್ಯೂಯಾರ್ಕ್‌ನಲ್ಲಿ ನೆಲೆಸಿದ ಈ ನಿರ್ದೇಶಕರ ಚಿತ್ರ 2024ರ ಗೋವಾ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ನಟರು ಸಿದ್ದಿಯರು, ಮಾತು ಅವರ ಕೊಂಕಣಿ, ನೆಲ ಉತ್ತರ ಕನ್ನಡದ್ದು. ಅಜ್ಜನ ಸಾವಿನ ನಂತರ ಅಜ್ಜನೇ ಮೈಮೇಲೆ ಬಂದಂತಾಗುವ ಹುಡುಗನ ಮೂಲಕ ಗುಲಾಮಗಿರಿಯ ನೆನಪನ್ನೂ ಇಂದಿನ ಸಾಲದ ಜೀತವನ್ನೂ ಅದು ಹೆಣೆಯುತ್ತದೆ. ಹೆಸರಿನಲ್ಲಿರುವ ದಮಾಮ ಮರದ ಕಾಂಡ ಕೊರೆದು, ಎರಡೂ ಬದಿಗೆ ಚರ್ಮ ಬಿಗಿದು ಮಾಡಿದ ವಾದ್ಯ. ಸಿದ್ದಿಯರ ಹಬ್ಬ, ಮದುವೆ, ಹಿರಿಯರ ಪೂಜೆ ಎಲ್ಲಕ್ಕೂ ಅದು ಬೇಕು. ‘ಸಲಗ’ದ ಹಾಡಿನಲ್ಲಿ ಕುಣಿತಕ್ಕಷ್ಟೇ ಬೇಕಾದ ತಾಳ ಇಲ್ಲಿ ಸತ್ತವರನ್ನು ಕರೆಯುವ ತಾಳವಾಗುತ್ತದೆ. ಕನ್ನಡ ಉದ್ಯಮ ಮಾಡಬೇಕಿದ್ದ ಕೆಲಸವನ್ನು ಹೊರಗಿನವರೊಬ್ಬರು ಬಂದು ಮಾಡಿದರು. ಅದಕ್ಕೆ ಅವರಿಗೆ ಋಣಿಯಾಗಿರಬೇಕು, ನಮ್ಮ ಬಗ್ಗೆ ನಾಚಬೇಕು.

ಹೊರಗಿನವರು ಮಾಡಿದ್ದೆಲ್ಲ ಸುಳ್ಳು ಎಂಬ ವಾದ ನನ್ನದಲ್ಲ. ಹಾಗೆಂದರೆ ‘ಚೋಮನ ದುಡಿ’ಯನ್ನೂ ಕೈಬಿಡಬೇಕಾದೀತು. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ವಾಸುದೇವರಾಯರ ಚೋಮ. ಇವರಲ್ಲಿ ಯಾರೂ ಚೋಮನ ದಲಿತ ಕೇರಿಯವರಲ್ಲ. ಆದರೂ 1975ರ ಆ ಚಿತ್ರ ದೇಶದ ಅತ್ಯುತ್ತಮ ಚಿತ್ರವಾಯಿತು, ವಾಸುದೇವರಾಯರು ಅತ್ಯುತ್ತಮ ನಟರಾದರು, ಆ ದುಡಿಯ ಸದ್ದು ಇಂದಿಗೂ ಕಾಡುತ್ತದೆ. ಒಳ್ಳೆಯ ಚಿತ್ರಕ್ಕೆ ಜಾತಿ ಪ್ರಮಾಣಪತ್ರ ಬೇಕಿಲ್ಲ. ನಾನು ಕೇಳುವುದು ಬೇರೆ: ಆ ದುಡಿಯ ಸದ್ದು ಕೇಳಿ ಎದ್ದು ಬಂದ ಚೋಮನ ಮಕ್ಕಳ ಎರಡನೆಯ, ಮೂರನೆಯ ಚಿತ್ರಗಳೆಲ್ಲಿ? ಒಂದು ಸಮುದಾಯದ ಬಗ್ಗೆ ಚಿತ್ರ ಬರುವುದಕ್ಕೂ ಆ ಸಮುದಾಯದಿಂದ ಚಿತ್ರ ನಿರ್ದೇಶಕ ಬರುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಒಬ್ಬ ಸಹೃದಯನಿಂದ ಆಗುತ್ತದೆ. ಎರಡನೆಯದಕ್ಕೆ ವ್ಯವಸ್ಥೆ ಬೇಕು.

ಆಫ್ರಿಕಾದ ಸಿನಿಮಾ ಚರಿತ್ರೆಯೇ ಇದಕ್ಕೆ ಸಾಕ್ಷಿ. ಸೆನೆಗಲ್ಲಿನ ಉಸ್ಮಾನ್ ಸೆಂಬೆನ್ ಮಾರ್ಸೇಯ ಬಂದರಿನಲ್ಲಿ ಮೂಟೆ ಹೊತ್ತವನು, ಕಾದಂಬರಿ ಬರೆದವನು. ತನ್ನ ಜನರಲ್ಲಿ ಓದು ಬಾರದವರೇ ಹೆಚ್ಚು, ಪುಸ್ತಕ ಅವರನ್ನು ಮುಟ್ಟುವುದಿಲ್ಲ ಎಂದು ಅರಿತು ನಲವತ್ತರ ಹೊಸ್ತಿಲಲ್ಲಿ ಸಿನಿಮಾ ಕಲಿಯಲು ಹೊರಟ. 1963ರಲ್ಲಿ ಬಂದ ‘ಬೋರೋಮ್ ಸರೆತ್’ ಇಪ್ಪತ್ತು ನಿಮಿಷದಷ್ಟರ ಚಿತ್ರ. ಡಕಾರ್ ನಗರದ ಒಬ್ಬ ಗಾಡಿಯವನ ಒಂದು ದಿನ. ಬಡವರನ್ನು ಹತ್ತಿಸಿಕೊಳ್ಳುತ್ತಾನೆ, ಕೆಲವರು ದುಡ್ಡು ಕೊಡುವುದಿಲ್ಲ, ಸಿಕ್ಕಿದ್ದು ಹೊಗಳುಭಟನೊಬ್ಬನ ಪಾಲಾಗುತ್ತದೆ. ಶ್ರೀಮಂತರ ಬಡಾವಣೆಗೆ ಗಾಡಿ ನುಗ್ಗಿತೆಂದು ಪೊಲೀಸು ತಡೆಯುತ್ತಾನೆ. ಗಾಬರಿಯಲ್ಲಿ ಗಾಡಿಯವನ ಪದಕ ನೆಲಕ್ಕೆ ಬೀಳುತ್ತದೆ. ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಪೊಲೀಸಿನ ಬೂಟು ಅದರ ಮೇಲಿರುತ್ತದೆ. ಕ್ಯಾಮೆರಾ ಬೂಟನ್ನು ಕೆಳಗಿನಿಂದ ನೋಡುತ್ತದೆ. ಆ ಎತ್ತರದಿಂದ ನೋಡಲು ಆ ಬೀದಿಯಲ್ಲಿ ಬಗ್ಗಿ ನಡೆದ ಅನುಭವ ಬೇಕು.

ಆದರೆ ಅನುಭವ ಒಂದೇ ಸಾಲಲಿಲ್ಲ ಎಂಬುದನ್ನು ನಮ್ಮವರು ಗಮನಿಸುವುದಿಲ್ಲ. ಸೆಂಬೆನ್ ಮಾಸ್ಕೋದ ಗೋರ್ಕಿ ಸ್ಟುಡಿಯೋದಲ್ಲಿ ಕಲಿತು ಬಂದವನು. ಮಾಲಿಯ ಸುಲೇಮಾನ್ ಸಿಸೆ ಕಲಿತದ್ದೂ ಮಾಸ್ಕೋದಲ್ಲೇ. ಮಾರಿಟಾನಿಯಾದಲ್ಲಿ ಹುಟ್ಟಿ, ಮಾಲಿಯಲ್ಲಿ ಬೆಳೆದು, ಫ್ರಾನ್ಸಿನಲ್ಲಿ ನೆಲೆಸಿ 2014ರಲ್ಲಿ ‘ಟಿಂಬಕ್ಟು’ ಮಾಡಿದ ಅಬ್ದೆರಹಮಾನ್ ಸಿಸಾಕೋ ಕೂಡ ಮಾಸ್ಕೋದ ಚಲನಚಿತ್ರ ಶಾಲೆಯ ವಿದ್ಯಾರ್ಥಿ. 1969ರಿಂದ ಬುರ್ಕಿನಾ ಫಾಸೋದ ವಾಗಡೂಗುವಿನಲ್ಲಿ ನಡೆದುಬಂದ ಫೆಸ್ಪಾಕೊ ಚಿತ್ರೋತ್ಸವ ಅವರ ಚಿತ್ರಗಳಿಗೆ ಸ್ವಂತ ಪ್ರೇಕ್ಷಕರನ್ನು ಕೊಟ್ಟಿತು. ಸೆಂಬೆನ್ 1968ರ ‘ಮಂದಾಬಿ’ಯನ್ನು ತನ್ನ ಜನರ ವೊಲೊಫ್ ಭಾಷೆಯಲ್ಲಿ ಮಾಡಿದ, 1988ರ ‘ಕಾಂಪ್ ದ ಥಿಯಾರೊಯ್’ಗೆ ಸೆನೆಗಲ್, ಅಲ್ಜೀರಿಯಾ, ಟ್ಯುನೀಷಿಯಾ ಸೇರಿ ಬಂಡವಾಳ ಹಾಕಿದವು, 2004ರ ‘ಮೂಲಾದೆ’ವರೆಗೆ ನಲವತ್ತು ವರ್ಷ ಚಿತ್ರ ಮಾಡಿದ. ‘ಸ್ವತಂತ್ರ’ ಚಿತ್ರ ನಿರ್ದೇಶಕ ಎಂದು ನಾವು ಹೊಗಳುವವರ ಬೆನ್ನ ಹಿಂದೆ ಶಾಲೆ, ಹಣ, ಉತ್ಸವ, ಪ್ರೇಕ್ಷಕ ನಾಲ್ಕೂ ಇದ್ದವು. ಯಾರ ನೆರವೂ ಇಲ್ಲದವನಿಗೆ ನಾವು ಇಟ್ಟ ಚಂದದ ಹೆಸರು ಸ್ವತಂತ್ರ ಎಂದಾಗಬಾರದು.

ದೂರದ ಉದಾಹರಣೆ ಬೇಡವೆಂದರೆ ಪಕ್ಕದ ಮಂಡ್ಯಕ್ಕೆ ಬನ್ನಿ. ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿ ಮಾಡಿದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದಿತು. ಆ ಮೇಲೆ ಎರಡು ಸಂಗತಿ ನಡೆದವು. ಅದರಲ್ಲಿ ನಟಿಸಿದ್ದ ಗಡ್ಡಪ್ಪ, ಸೆಂಚುರಿ ಗೌಡರ ಮುಖಗಳನ್ನು ಗಾಂಧಿನಗರದ ಚಿತ್ರೋದ್ಯಮ ಕೊಂಡುಕೊಂಡಿತು. ಸಾಲು ಸಾಲು ಹಾಸ್ಯ ಚಿತ್ರಗಳಲ್ಲಿ ಅದೇ ಗಡ್ಡ, ಅದೇ ಬೈಗುಳ. ‘ತಿಥಿ’ಯ ಗಡ್ಡಪ್ಪನಲ್ಲಿದ್ದ ವೈರಾಗ್ಯ ಎಲ್ಲೋ ಕಳೆದುಹೋಯಿತು. ಇನ್ನೊಂದು ಸಂಗತಿ ಅಷ್ಟು ಸದ್ದು ಮಾಡಲಿಲ್ಲ. ‘ತಿಥಿ’ಯ ಕಥೆ ಬರೆಯುವುದರಲ್ಲಿ ಕೈಜೋಡಿಸಿದ್ದ ಆ ಊರಿನ ನಂಟಿನ ಈರೇಗೌಡ, ಮುಂದೆ ‘ಬಳೆಕೆಂಪ’ ನಿರ್ದೇಶಿಸಿದರು. 2018ರಲ್ಲಿ ರಾಟರ್‌ಡ್ಯಾಮ್ ಉತ್ಸವದಲ್ಲಿ ಅದಕ್ಕೆ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಬಂತು. ಮುಖ ಕೊಟ್ಟವರನ್ನು ಉದ್ಯಮ ಬಳಸಿ ಮುಗಿಸಿತು. ಬರವಣಿಗೆಗೆ ಕೈಹಾಕಿದವರು ನಿರ್ದೇಶಕರಾದರು. ಸಿದ್ದಿಯರ ವಿಷಯದಲ್ಲಿ ನಡೆದಿರುವುದು ಮೊದಲನೆಯದು ಮಾತ್ರ.

ಉತ್ತರ ಕನ್ನಡದ ಹಳ್ಳಿಯಿಂದ ಚಿತ್ರ ನಿರ್ದೇಶಕ ಬರುವುದೇ ಇಲ್ಲ ಎನ್ನುವ ಹಾಗೂ ಇಲ್ಲ. ಅದೇ ಜಿಲ್ಲೆಯ ನಟೇಶ್ ಹೆಗಡೆ ತಮ್ಮ ಊರಿನಲ್ಲೇ ತಮ್ಮ ತಂದೆಯನ್ನೇ ಮುಖ್ಯ ಪಾತ್ರಕ್ಕೆ ಹಾಕಿಕೊಂಡು ‘ಪೆದ್ರೊ’ ಮಾಡಿದರು. 2021ರಲ್ಲಿ ಅದು ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು. 2025ರಲ್ಲಿ ಅವರ ‘ವಾಘಾಚಿಪಾಣಿ’ ಬರ್ಲಿನ್ ಉತ್ಸವ ಮುಟ್ಟಿತು. ಎರಡಕ್ಕೂ ರಿಷಬ್ ಶೆಟ್ಟಿ ನಿರ್ಮಾಪಕರಾಗಿ ನಿಂತರು. ಪ್ರತಿಭೆ ನಟೇಶ್ ಅವರದ್ದು, ಎರಡನೆಯ ಚಿತ್ರ ಸಾಧ್ಯವಾದದ್ದು ಯಾರೋ ಜೊತೆಗೆ ನಿಂತದ್ದರಿಂದ. ಅಂಚಿನ ಸಮುದಾಯದಿಂದ ಬಂದ ಮಹಾರಾಷ್ಟ್ರದ ನಾಗರಾಜ ಮಂಜುಳೆ ಕಿರುಚಿತ್ರ ‘ಪಿಸ್ತುಲ್ಯಾ’ದಿಂದ 2013ರ ‘ಫ್ಯಾಂಡ್ರಿ’ಗೆ, ಅಲ್ಲಿಂದ 2016ರ ‘ಸೈರಾಟ್’ಗೆ ಮೆಟ್ಟಿಲು ಹತ್ತಿದರು. ತಮಿಳಿನಲ್ಲಿ ಪಾ. ರಂಜಿತ್ ತಾವು ಗೆದ್ದ ಮೇಲೆ ‘ನೀಲಂ’ ಸಂಸ್ಥೆ ಕಟ್ಟಿ ಮಾರಿ ಸೆಲ್ವರಾಜ್‌ಗೆ 2018ರಲ್ಲಿ ‘ಪರಿಯೇರುಂ ಪೆರುಮಾಳ್’ ಮಾಡಲು ಅವಕಾಶ ಕೊಟ್ಟರು. ಅಕ್ಕಪಕ್ಕದ ರಾಜ್ಯಗಳಲ್ಲಿ ಆದದ್ದು ಇಲ್ಲಿ ಯಾಕಾಗಲಿಲ್ಲ ಎಂದು ಕೇಳುವ ಬದಲು ‘ಸಿದ್ದಿಗಳೂ ಬಂದಿಲ್ವಾ’ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೇವೆ.

ಇನ್ನು ಮೊಬೈಲ್ ವಾದ. ಮೊಬೈಲಿನಲ್ಲಿ ದೃಶ್ಯ ಹಿಡಿಯಬಹುದು, ನಿಜ. ಸಂಕಲನ, ಶಬ್ದ, ಬಣ್ಣ, ಸೆನ್ಸಾರ್, ಚಿತ್ರಮಂದಿರ ಇವೆಲ್ಲ ಮೊಬೈಲಿನೊಳಗೆ ಇಲ್ಲ. ಬೆಂಗಳೂರಿನಲ್ಲಿ ಸಹಾಯಕ ನಿರ್ದೇಶಕನಾಗಿ ವರ್ಷಗಟ್ಟಲೆ ಅರೆಸಂಬಳಕ್ಕೆ, ಕೆಲವೊಮ್ಮೆ ಊಟಕ್ಕಷ್ಟೇ ದುಡಿಯಲು ಊರಿನಲ್ಲಿ ಮನೆ ನಡೆಸುವವರು ಬೇರೆ ಇರಬೇಕು. ಅಡಿಕೆ ತೋಟದ ಕೂಲಿಯಿಂದ ನಡೆಯುವ ಮನೆ ಮಗನನ್ನು ಹಾಗೆ ಬಿಟ್ಟುಕೊಡಲಾರದು. ಸರ್ಕಾರದ ಸಹಾಯಧನ ಇದೆಯಲ್ಲ ಎನ್ನುತ್ತಾರೆ. ಅದು ಬರುವುದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿ ನೋಡಿ ಒಪ್ಪಿದ ಮೇಲೆ. ಕೈಯಲ್ಲಿ ಮೊದಲೇ ದುಡ್ಡಿದ್ದವನಿಗೆ ಅದು ನೆರವು. ಇಲ್ಲದವನಿಗೆ ಅದು ದೂರದ ಬೆಟ್ಟ.

ಈ ಮಾತು ಮೈಸೂರಿಗೆ ಈಗ ಯಾಕೆ ಮುಖ್ಯ? 2025ರ ಮಾರ್ಚ್‌ನ ರಾಜ್ಯ ಬಜೆಟ್ಟಿನಲ್ಲಿ ಮೈಸೂರಿನ ಚಿತ್ರನಗರಿಗೆ 150 ಎಕರೆ ಜಾಗ, ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ 500 ಕೋಟಿ ರೂಪಾಯಿ ಎಂದು ಪ್ರಕಟವಾಗಿದೆ. ಸೆಟ್ಟು, ಫ್ಲೋರು, ಹೋಟೆಲುಗಳ ಮಾತು ಜೋರಾಗಿಯೇ ಕೇಳಿಸುತ್ತಿದೆ. ಕಲಿಸುವ ಮಾತು ಅಷ್ಟು ಕೇಳಿಸುತ್ತಿಲ್ಲ. ಅಷ್ಟು ಜಾಗದ ಒಂದು ಮೂಲೆಯಲ್ಲಿ ವಿದ್ಯಾರ್ಥಿವೇತನ, ವಸತಿ ಸಹಿತ ಒಂದು ಶಾಲೆ ಇರಲಿ. ಕ್ಯಾಮೆರಾ, ಶಬ್ದ, ಸಂಕಲನ, ಚಿತ್ರಕಥೆ ಕಲಿಸಲಿ. ಸಿದ್ದಿ, ಸೋಲಿಗ, ಜೇನುಕುರುಬ ಮಕ್ಕಳಿಗೆ ಅಲ್ಲಿ ಸೀಟು ಮೀಸಲಿರಲಿ. ಸಹಾಯಧನದ ಒಂದು ಪಾಲು ಚಿತ್ರಕಥೆಯ ಹಂತದಲ್ಲೇ ಸಿಗಲಿ. ಸಿದ್ದಿ ಕೊಂಕಣಿಯಲ್ಲಿ ಚಿತ್ರ ಮಾಡಿದವನಿಗೂ ಪ್ರಾದೇಶಿಕ ಭಾಷಾ ಚಿತ್ರಗಳ ಸಾಲಿನಲ್ಲಿ ತುಳು, ಕೊಡವ, ಬಂಜಾರದಷ್ಟೇ ಮರ್ಯಾದೆ ಇರಲಿ.

ಇದೆಲ್ಲ ಆಗುವವರೆಗೆ ರಾಮಕೃಷ್ಣನಗರ ಕೈಕಟ್ಟಿ ಕೂರಬೇಕಾಗಿಲ್ಲ. ಇಲ್ಲಿ ರಂಗಮಂದಿರವಿದೆ, ರಂಗಶಾಲೆಯಿದೆ, ನಾಟಕಕ್ಕೆ ಟಿಕೆಟ್ ಕೊಂಡು ಬರುವ ಪ್ರೇಕ್ಷಕರಿದ್ದಾರೆ. ನಟನೆ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಚಿತ್ರಕಥೆ ಮತ್ತು ಸಂಕಲನದ ತರಗತಿ ಸೇರಿಸಿ. ಸಿದ್ದಿ ಸಮುದಾಯದ ಹುಡುಗ ಬಂದರೆ ಅವನಿಗೆ ಮೊದಲು ಪಾತ್ರ ಕೊಡಬೇಡಿ, ಬರೆಯಲು ಹಾಳೆ ಕೊಡಿ. ವಿಮರ್ಶೆ ಬರೆಯುವ ನಾವೂ ‘ಸಹಜ’, ‘ರಕ್ತ’, ‘ಕಾಡಿನ ದನಿ’ ಎಂಬ ಪದಗಳನ್ನು ಇನ್ನಾದರೂ ಬಿಡೋಣ. ಕಲಿತು ಬಂದವನ ಕೆಲಸವನ್ನು ಕೆಲಸವೆಂದೇ ತೂಗೋಣ, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯೋಣ. ಕನ್ನಡ ಸಿನಿಮಾ ಎಲ್ಲರದ್ದೂ ಆಯಿತೇ ಎಂದು ತೀರ್ಮಾನಿಸಲು ಒಂದೇ ಅಳತೆಗೋಲು ಸಾಕು: ಸಿದ್ದಿ ಸಮುದಾಯದ ನಿರ್ದೇಶಕನೊಬ್ಬ ತನ್ನ ಮೂರನೆಯ ಚಿತ್ರವನ್ನು, ಸಿದ್ದಿಯರ ಬಗ್ಗೆಯೇ ಆಗಿರಬೇಕೆಂಬ ಒತ್ತಾಯವಿಲ್ಲದೆ, ಬಿಡುಗಡೆ ಮಾಡುವ ದಿನ. ಅಲ್ಲಿಯವರೆಗೆ ‘ಸಿದ್ದಿಗಳೂ ಬಂದಿಲ್ವಾ’ ಎಂಬ ಮಾತನ್ನು ಒಪ್ಪಬೇಡಿ.